ರೆಡ್ ಡಾಟ್, ಹೋಲೋ, 4ಎಕ್ಸ್, 8ಎಕ್ಸ್: ರೈಫಲ್‌ಗೆ ಯಾವ ಸೈಟ್, ಯಾಕೆ?



ಹಾಸ್ಟೆಲ್‌ನಲ್ಲಿ ಬಿಜಿಎಂಐ ಆಡದ ರೂಮ್ ಹುಡುಕೋದು ಕಷ್ಟ. ಹಾಗಾಗಿ ರೆಡ್ ಡಾಟ್, ಹೋಲೋಗ್ರಾಫಿಕ್, 4ಎಕ್ಸ್, 8ಎಕ್ಸ್ ಅನ್ನೋ ಹೆಸರುಗಳು ನಮಗೆಲ್ಲ ಬಾಯಿಪಾಠ ಆಗಿವೆ. ಗೇಮ್‌ನಲ್ಲಿ ರೆಡ್ ಡಾಟ್‌ಗೂ ಹೋಲೋಗೂ ಇರೋ ವ್ಯತ್ಯಾಸ ಹೆಚ್ಚು ಕಮ್ಮಿ ಕಾಣೋ ಆಕಾರದ್ದು ಅಷ್ಟೇ. ನಿಜವಾದ ಸಾಧನದಲ್ಲಿ ಒಂದರೊಳಗೆ ಎಲ್‌ಇಡಿ ಮತ್ತು ಕನ್ನಡಿ ಇದೆ, ಇನ್ನೊಂದರೊಳಗೆ ಲೇಸರ್ ಮತ್ತು ಹೋಲೋಗ್ರಾಮ್ ಇದೆ. ಗೇಮ್‌ನಲ್ಲಿ 8ಎಕ್ಸ್ ಸಿಕ್ಕಿದರೆ ಹಬ್ಬ. ನಿಜದಲ್ಲಿ ಎಷ್ಟೋ ಕೆಲಸಗಳಿಗೆ 8ಎಕ್ಸ್ ಹಾಕಿದರೆ ಗುರಿ ಹುಡುಕೋದೇ ಕಷ್ಟ ಆಗುತ್ತೆ.

"ಯಾವ ಸೈಟ್ ಬೆಸ್ಟ್?" ಅಂತ ಕೇಳಿದರೆ ಉತ್ತರ ಇಲ್ಲ. ಎಷ್ಟು ದೂರ, ಎಷ್ಟು ದೊಡ್ಡ ಗುರಿ, ಎಷ್ಟು ಸಮಯ, ಯಾರ ಕಣ್ಣು ಅನ್ನೋ ನಾಲ್ಕು ಪ್ರಶ್ನೆ ಕೇಳಿದರೆ ಉತ್ತರ ತಾನಾಗೇ ಬರುತ್ತೆ. ಫಸ್ಟ್ ಇಯರ್ ಫಿಸಿಕ್ಸ್ ನೆನಪಿದ್ದರೆ ಸಾಕು, ಬನ್ನಿ ಒಂದೊಂದಾಗಿ ನೋಡೋಣ.

ಮೊದಲು ಸಮಸ್ಯೆ ಏನು?

ಹಳೇ ರೈಫಲ್‌ನಲ್ಲಿ ಎರಡು ಲೋಹದ ಗುರುತುಗಳು ಇರುತ್ತವೆ. ಕಣ್ಣಿನ ಹತ್ತಿರ ರಿಯರ್ ಸೈಟ್, ನಳಿಗೆಯ ತುದಿಯಲ್ಲಿ ಫ್ರಂಟ್ ಸೈಟ್. ಇವೆರಡನ್ನೂ ಗುರಿಯ ಜೊತೆ ಒಂದೇ ಸಾಲಿಗೆ ತರಬೇಕು. ಇದಕ್ಕೆ ಐರನ್ ಸೈಟ್ ಅಂತಾರೆ.

ತೊಂದರೆ ಏನಂದ್ರೆ, ಮೂರು ವಸ್ತುಗಳು ಮೂರು ದೂರದಲ್ಲಿವೆ. ರಿಯರ್ ಸೈಟ್ ಒಂದು ಗೇಣು ಆಚೆ, ಫ್ರಂಟ್ ಸೈಟ್ ಒಂದು ತೋಳಿನಷ್ಟು ಆಚೆ, ಗುರಿ 100 ಮೀಟರ್ ಆಚೆ. ನಮ್ಮ ಕಣ್ಣಿನ ಮಸೂರ ಒಂದು ಹೊತ್ತಿಗೆ ಒಂದೇ ದೂರಕ್ಕೆ ಫೋಕಸ್ ಮಾಡುತ್ತೆ. ಬೇಕಾದರೆ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಅದನ್ನೂ ಗೋಡೆಯ ಮೇಲಿನ ಗಡಿಯಾರವನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡೋಕೆ ಪ್ರಯತ್ನಿಸಿ. ಆಗಲ್ಲ. ಯಾವುದಾದರೂ ಒಂದು ಮಸುಕಾಗುತ್ತೆ.

ಎಲ್ಲ ಬಗೆಯ ಸೈಟ್‌ಗಳೂ ಇದೇ ಸಮಸ್ಯೆಗೆ ಬೇರೆ ಬೇರೆ ದಾರಿ ಹುಡುಕಿವೆ. ಯಾವ ದಾರಿ ಹಿಡಿದರೆ ಏನು ಸಿಗುತ್ತೆ, ಏನು ಕಳೀತೀವಿ ಅನ್ನೋದೇ ಆಯ್ಕೆಯ ಲೆಕ್ಕ.

ಲೆಕ್ಕಕ್ಕೆ ಒಂದು ಅಳತೆ: ಎಂಒಎ

ಈ ಲೋಕದಲ್ಲಿ ಎಲ್ಲವನ್ನೂ ಕೋನದಲ್ಲಿ ಅಳೀತಾರೆ. ಒಂದು ಡಿಗ್ರಿಯ 60ನೇ ಒಂದು ಭಾಗಕ್ಕೆ ಮಿನಿಟ್ ಆಫ್ ಆಂಗಲ್, ಚಿಕ್ಕದಾಗಿ ಎಂಒಎ ಅಂತ ಹೆಸರು. 100 ಮೀಟರ್ ದೂರದಲ್ಲಿ 1 ಎಂಒಎ ಅಂದ್ರೆ ಸುಮಾರು 29 ಮಿ.ಮೀ. 200 ಮೀಟರ್‌ಗೆ ಅದರ ಎರಡರಷ್ಟು, 300ಕ್ಕೆ ಮೂರರಷ್ಟು. ಇನ್ನೊಂದು ಅಳತೆ ಮಿಲಿರೇಡಿಯನ್. 100 ಮೀಟರ್‌ಗೆ 1 ಮಿಲಿರೇಡಿಯನ್ ಅಂದ್ರೆ ಸರಿಯಾಗಿ 10 ಸೆಂ.ಮೀ. ಮೀಟರ್ ಲೆಕ್ಕದಲ್ಲಿ ಯೋಚಿಸೋ ನಮಗೆ ಇದೇ ಸುಲಭ.

ಒಂದು ಮುಖ್ಯ ವಿಷಯ: 6/6 ದೃಷ್ಟಿ ಇರೋ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಕೂಡ ಸುಮಾರು 1 ಎಂಒಎ. ಅಂದ್ರೆ 300 ಮೀಟರ್‌ನಲ್ಲಿ ಸುಮಾರು 9 ಸೆಂ.ಮೀ.ಗಿಂತ ಚಿಕ್ಕ ವಿವರ ಬರಿಗಣ್ಣಿಗೆ ಸಿಗಲ್ಲ. ವರ್ಧನೆ ಬೇಕೋ ಬೇಡವೋ ಅನ್ನೋದು ಇಲ್ಲಿಂದ ಶುರುವಾಗುತ್ತೆ.

ಉದಾಹರಣೆಗೆ ಕೊಡಗಿನ ಕೈಲ್‌ಪೊಳ್ದ್ ಹಬ್ಬ ತಗೊಳ್ಳಿ. ಆಗ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಯುತ್ತೆ. ಕಾಯಿ 15 ಸೆಂ.ಮೀ., ದೂರ 50 ಮೀಟರ್ ಅಂತ ಇಟ್ಕೊಳ್ಳೋಣ. ಕೋನ 3 ಮಿಲಿರೇಡಿಯನ್, ಅಂದ್ರೆ ಸುಮಾರು 10 ಎಂಒಎ. ಕಣ್ಣಿನ ಮಿತಿಗಿಂತ ಹತ್ತು ಪಟ್ಟು ದೊಡ್ಡದು. ಹಾಗಾಗಿ ಇಲ್ಲಿ ಐರನ್ ಸೈಟ್ ಸಾಕು. ಉಳಿದದ್ದು ಕೈ ಅಲುಗದೇ ಇರೋದು, ಉಸಿರು, ಟ್ರಿಗರ್ ಒತ್ತೋ ರೀತಿ.

1. ಡಯಾಪ್ಟರ್: ಚಿಕ್ಕ ತೂತಿನ ಕರಾಮತ್ತು

ಅತಿ ನಿಖರವಾದ ಶೂಟಿಂಗ್ ಆಟಕ್ಕೆ ಅತಿ ದೊಡ್ಡ ಸ್ಕೋಪ್ ಬೇಕು ಅಂತ ಅನಿಸುತ್ತೆ ಅಲ್ವಾ? 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಟೆಲಿಸ್ಕೋಪ್ ಸೈಟ್‌ಗೆ ಅವಕಾಶವೇ ಇಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲೂ ಅಷ್ಟೇ.

ಅಲ್ಲಿ ಬಳಸೋದು ಡಯಾಪ್ಟರ್ ಸೈಟ್. ಹಿಂದೆ ಒಂದು ಮಿ.ಮೀ. ಆಸುಪಾಸಿನ ತೂತು, ಮುಂದೆ ಒಂದು ಉಂಗುರ. ಮೊಬೈಲ್ ಬಿಟ್ಟು ದೊಡ್ಡ ಕ್ಯಾಮೆರಾ ಹಿಡಿದವರಿಗೆ ಗೊತ್ತಿರುತ್ತೆ, ಅಪರ್ಚರ್ ಚಿಕ್ಕದು ಮಾಡಿದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸಾಕಷ್ಟು ಸ್ಪಷ್ಟವಾಗುತ್ತೆ. ಇಲ್ಲೂ ಅದೇ ತತ್ತ್ವ. ಬೆಲೆ ಏನಂದ್ರೆ ಬೆಳಕು ಕಮ್ಮಿ ಆಗುತ್ತೆ, ನೋಡೋ ಜಾಗ ಕಿರಿದಾಗುತ್ತೆ, ತೂತು ತೀರಾ ಚಿಕ್ಕದಾದರೆ ಡಿಫ್ರಾಕ್ಷನ್‌ನಿಂದ ಮತ್ತೆ ಮಸುಕಾಗುತ್ತೆ.

10 ಮೀಟರ್ ಗುರಿಯ ಮಧ್ಯದ ಹತ್ತು ಅಂಕದ ಚುಕ್ಕಿ ಬರೀ 0.5 ಮಿ.ಮೀ. ಅದು ಶೂಟರ್‌ಗೆ ಕಾಣಲ್ಲ, ಕಾಣಬೇಕಾಗೂ ಇಲ್ಲ. ಕಾಣೋದು 30.5 ಮಿ.ಮೀ. ಅಗಲದ ಕಪ್ಪು ವೃತ್ತ. ಅದರ ಕೋನವೂ ಸುಮಾರು 10 ಎಂಒಎ, ನಮ್ಮ ತೆಂಗಿನಕಾಯಿಯಷ್ಟೇ! ಆ ಕಪ್ಪು ವೃತ್ತವನ್ನು ಮುಂದಿನ ಉಂಗುರದ ಸರಿಮಧ್ಯಕ್ಕೆ ತಂದರೆ ಆಯ್ತು. ವೃತ್ತದೊಳಗೆ ವೃತ್ತ ಸರಿಯಾಗಿ ಕೂತಿದೆಯಾ ಅಂತ ಗುರುತಿಸೋದರಲ್ಲಿ ನಮ್ಮ ಕಣ್ಣು ತುಂಬಾ ಚುರುಕು. ನೋಡಬೇಕಾದ್ದು ಎಷ್ಟು ಚಿಕ್ಕದು ಅನ್ನೋದು ಒಂದು ಪ್ರಶ್ನೆ, ಸಾಲಿಗೆ ತರೋದು ಎಷ್ಟು ನಿಖರ ಅನ್ನೋದು ಇನ್ನೊಂದು ಪ್ರಶ್ನೆ. ವರ್ಧನೆ ಮೊದಲನೆಯದಕ್ಕೆ ಮಾತ್ರ ನೇರ ಉತ್ತರ.

ಎನ್‌ಸಿಸಿಯಲ್ಲೋ ಏರ್ ರೈಫಲ್ ಸ್ಪರ್ಧೆಯಲ್ಲೋ ಇಳಿಯಬೇಕು ಅಂತ ಇರೋ ಜೂನಿಯರ್‌ಗಳಿಗೆ ಒಂದು ಮಾತು: ಆನ್‌ಲೈನ್‌ನಲ್ಲಿ ಸ್ಕೋಪ್ ನೋಡೋ ಮುಂಚೆ ಸ್ಪರ್ಧೆಯ ನಿಯಮ ನೋಡಿ. ಬಳಸೋಕೆ ಬಿಡದ ಸ್ಕೋಪ್‌ಗೆ ದುಡ್ಡು ಸುರಿಯೋದು ಬೇಡ.

2. ರೆಡ್ ಡಾಟ್: ಚುಕ್ಕಿಯನ್ನು ಅನಂತಕ್ಕೆ ಕಳಿಸೋದು

ಐರ್ಲೆಂಡಿನ ಡಬ್ಲಿನ್‌ನಲ್ಲಿ ಟೆಲಿಸ್ಕೋಪ್ ತಯಾರಿಸುತ್ತಿದ್ದ ಹೋವರ್ಡ್ ಗ್ರಬ್ 1900ರಲ್ಲಿ ಒಂದು ಉಪಾಯ ಹೂಡಿದರು. ಬೆಳಕಿನ ಗುರುತನ್ನು ಮಸೂರದ ಅಥವಾ ಬಾಗಿದ ಕನ್ನಡಿಯ ನಾಭಿಯಲ್ಲಿಟ್ಟರೆ ಹೊರಬರೋ ಕಿರಣಗಳು ಸಮಾನಾಂತರ ಆಗುತ್ತವೆ. ಸಮಾನಾಂತರ ಕಿರಣ ಅಂದ್ರೆ ಕಣ್ಣಿನ ಲೆಕ್ಕದಲ್ಲಿ ಆ ಗುರುತು ಅನಂತ ದೂರದಲ್ಲಿದೆ. ಗುರಿಯೂ ದೂರದಲ್ಲೇ ಇದೆ. ಎರಡಕ್ಕೂ ಒಂದೇ ಫೋಕಸ್, ಸಮಸ್ಯೆ ಮುಗೀತು! ಯುದ್ಧವಿಮಾನದ ಹೆಡ್ ಅಪ್ ಡಿಸ್‌ಪ್ಲೇ ಕೂಡ ಇದೇ ವಂಶದ್ದು. ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟೋ ತೇಜಸ್‌ಗೆ ಅದನ್ನು ರೂಪಿಸಿದ್ದು ಚಂಡೀಗಢದ ಸಿಎಸ್‌ಐಒ ಸಂಸ್ಥೆ.

ರೈಫಲ್‌ಗೆ ಎಲ್‌ಇಡಿ ಬಳಸಿದ ರೆಡ್ ಡಾಟ್ ಬಂದಿದ್ದು 1975ರಲ್ಲಿ, ಸ್ವೀಡನ್‌ನ ಏಮ್‌ಪಾಯಿಂಟ್ ಕಂಪನಿಯಿಂದ. ಮುಂದಿನ ಗಾಜಿನ ಮೇಲಿನ ಲೇಪನ ಕೆಂಪು ಬೆಳಕನ್ನು ಮಾತ್ರ ಕಣ್ಣಿನ ಕಡೆ ತಿರುಗಿಸುತ್ತೆ, ಉಳಿದ ಬೆಳಕನ್ನು ಬಿಟ್ಟುಬಿಡುತ್ತೆ. ಹಾಗಾಗಿ ಗುರಿಯೂ ಕಾಣುತ್ತೆ, ಚುಕ್ಕಿಯೂ ಕಾಣುತ್ತೆ.

ಲಾಭ: ಎರಡೂ ಕಣ್ಣು ತೆರೆದು ನೋಡಬಹುದು. ಕಣ್ಣನ್ನು ಒಂದೇ ಜಾಗದಲ್ಲಿ ಇಡಬೇಕಾಗಿಲ್ಲ. ವೇಗಕ್ಕೆ ಇದರಷ್ಟು ಒಳ್ಳೇದು ಇಲ್ಲ. ಎಲ್‌ಇಡಿಗೆ ಕರೆಂಟ್ ಬಹಳ ಕಮ್ಮಿ ಸಾಕು. ಏಮ್‌ಪಾಯಿಂಟ್‌ನ ಕಾಂಪ್‌ಎಂ4 ಮಾದರಿ ಒಂದು ಎಎ ಸೆಲ್‌ನಲ್ಲಿ 80,000 ಗಂಟೆ, ಅಂದ್ರೆ ಎಂಟು ವರ್ಷಕ್ಕಿಂತ ಹೆಚ್ಚು ಉರಿಯುತ್ತೆ ಅನ್ನೋದು ಕಂಪನಿಯ ಲೆಕ್ಕ.

ನಷ್ಟ: ವರ್ಧನೆ ಇಲ್ಲ. ಚುಕ್ಕಿಗೂ ಒಂದು ಅಗಲ ಇದೆ. 2 ಎಂಒಎ ಚುಕ್ಕಿ 300 ಮೀಟರ್‌ನಲ್ಲಿ ಸುಮಾರು 17 ಸೆಂ.ಮೀ. ಜಾಗವನ್ನು ಮುಚ್ಚುತ್ತೆ. ಚಿಕ್ಕ ಗುರಿ ಚುಕ್ಕಿಯ ಹಿಂದೆ ಅಡಗಿಬಿಡುತ್ತೆ.

ಜಾಹೀರಾತಿನಲ್ಲಿ "ಪ್ಯಾರಲ್ಯಾಕ್ಸ್ ಫ್ರೀ" ಅಂತ ಬರೆದಿರ್ತಾರೆ. ಅದನ್ನೂ ಲೆಕ್ಕ ಹಾಕಿ ನೋಡೋಣ. ಕಿರಣಗಳು ಪೂರ್ತಿ ಸಮಾನಾಂತರ ಇದ್ದರೆ, ಕಣ್ಣು ಎಷ್ಟು ಪಕ್ಕಕ್ಕೆ ಸರಿಯುತ್ತೋ ಗುರಿಯ ಮೇಲಿನ ಬಿಂದುವೂ ಅಷ್ಟೇ ಸರಿಯುತ್ತೆ. 30 ಮಿ.ಮೀ. ಕಿಟಕಿಯ ಅಂಚಿಗೆ ಕಣ್ಣು ಹೋದರೂ ತಪ್ಪು 15 ಮಿ.ಮೀ. 100 ಮೀಟರ್‌ನಲ್ಲಿ ಚುಕ್ಕಿಯೇ 58 ಮಿ.ಮೀ. ಇರೋವಾಗ ಇದು ಲೆಕ್ಕಕ್ಕಿಲ್ಲ. ಆದರೆ 10 ಮೀಟರ್ ಏರ್ ರೈಫಲ್‌ನಲ್ಲಿ 15 ಮಿ.ಮೀ. ಅಂದ್ರೆ ಹತ್ತು ಅಂಕ ಹೋಗಿ ನಾಲ್ಕೋ ಐದೋ ಆಗುತ್ತೆ. ಅದೇ ಸಾಧನ, ಅದೇ ತಪ್ಪು, ಕೆಲಸ ಮಾತ್ರ ಬೇರೆ.

3. ಹೋಲೋಗ್ರಾಫಿಕ್: ಒಳಗೆ ಲೇಸರ್

ಇದರಲ್ಲಿ ರೆಟಿಕಲ್‌ನ ಹೋಲೋಗ್ರಾಮ್ ಅನ್ನು ಮೊದಲೇ ಗಾಜಿನ ಮೇಲೆ ದಾಖಲಿಸಿರ್ತಾರೆ. ಲೇಸರ್ ಡಯೋಡ್ ಅದರ ಮೇಲೆ ಬೆಳಕು ಚೆಲ್ಲಿದಾಗ ರೆಟಿಕಲ್ ದೂರದಲ್ಲಿ ತೇಲಿದ ಹಾಗೆ ಕಾಣುತ್ತೆ. ಹೋಲೋಗ್ರಾಮ್‌ನಲ್ಲಿ ಬೇಕಾದ ಆಕಾರ ಬರೆಯಬಹುದು. ಈಓಟೆಕ್ ಕಂಪನಿಯ ಪ್ರಸಿದ್ಧ ರೆಟಿಕಲ್‌ನಲ್ಲಿ 68 ಎಂಒಎ ಉಂಗುರ, ಮಧ್ಯೆ 1 ಎಂಒಎ ಚುಕ್ಕಿ ಇದೆ. ಹತ್ತಿರಕ್ಕೆ ಉಂಗುರ, ದೂರಕ್ಕೆ ಚುಕ್ಕಿ.

ಲೇಸರ್‌ಗೆ ಎಲ್‌ಇಡಿಗಿಂತ ಕರೆಂಟ್ ಜಾಸ್ತಿ ಬೇಕು. ಬ್ಯಾಟರಿ ಬಾಳಿಕೆ ಸಾವಿರ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತೆ. ಇನ್ನೊಂದು ಸೂಕ್ಷ್ಮ ಇದೆ: ತಾಪಮಾನ ಬದಲಾದರೆ ಲೇಸರ್ ಡಯೋಡ್‌ನ ತರಂಗಾಂತರ ಸ್ವಲ್ಪ ಬದಲಾಗುತ್ತೆ. ಡಿಫ್ರಾಕ್ಷನ್ ಕೋನ ತರಂಗಾಂತರದ ಮೇಲೆ ನಿಂತಿದೆ ಅಂತ ನಾವೇ ಲ್ಯಾಬ್‌ನಲ್ಲಿ ಗ್ರೇಟಿಂಗ್ ಪ್ರಯೋಗ ಮಾಡಿ ರೆಕಾರ್ಡ್ ಬರೆದಿದ್ದೀವಿ. ಹಾಗಾಗಿ ಬಿಸಿ-ಚಳಿಗೆ ರೆಟಿಕಲ್ ಸರಿಯದ ಹಾಗೆ ಒಳಗೆ ಇನ್ನೊಂದು ಗ್ರೇಟಿಂಗ್ ಇಟ್ಟು ಸರಿದೂಗಿಸಬೇಕು.

ಇದು ಪುಸ್ತಕದ ಮಾತಲ್ಲ. ತಾಪಮಾನ ವಿಪರೀತ ಆದಾಗ ಈ ಸೈಟ್‌ಗಳ ಗುರಿ ಸರಿಯುತ್ತೆ ಅನ್ನೋದು ಗೊತ್ತಿದ್ದೂ ಸೇನೆಗೆ ಮಾರಿದರು ಅನ್ನೋ ಆರೋಪದ ಮೇಲೆ ಅಮೆರಿಕದ ಸರ್ಕಾರ ಕೇಸ್ ಹಾಕಿತು. ಆಗ ಈಓಟೆಕ್‌ನ ಒಡೆತನ ಹೊಂದಿದ್ದ ಎಲ್-3 ಕಂಪನಿ 2015ರಲ್ಲಿ 2.56 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಚಳಿಯಲ್ಲಿ ನಿಂತ ಸೈನಿಕನಿಗೆ ಚುಕ್ಕಿ ಸರಿಯಾಗೇ ಕಾಣುತ್ತೆ. ಅದು ತೋರಿಸೋ ಜಾಗ ತಪ್ಪು ಅಂತ ಅವನಿಗೆ ತಿಳಿಯೋ ದಾರಿಯೇ ಇಲ್ಲ. ಸ್ಪೆಕ್ ಶೀಟ್‌ನ ಒಂದು ಸಾಲಿನ ತೂಕ ಇಷ್ಟು. ನಾಳೆ ನಮ್ಮಲ್ಲಿ ಯಾರೋ ಇಂಥ ಶೀಟ್ ಬರೀತೀವಿ, ಇನ್ಯಾರೋ ಅದನ್ನು ಪರೀಕ್ಷೆ ಮಾಡ್ತೀವಿ. ನೆನಪಿರಲಿ.

4. ಪ್ರಿಸಂ ಸೈಟ್: ಕನ್ನಡಕದವರ ಗೆಳೆಯ

ನಿಮ್ಮ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ ಇದೆಯಾ? ಹಾಗಿದ್ರೆ ನಿಮಗೆ ಅಸ್ಟಿಗ್ಮಾಟಿಸಂ ಇದೆ. ಕನ್ನಡಕ ಇಲ್ಲದೆ ರೆಡ್ ಡಾಟ್ ನೋಡಿದರೆ ಚುಕ್ಕಿ ಗುಂಡಗೆ ಕಾಣದೆ ನಕ್ಷತ್ರದ ಹಾಗೋ, ಬಾಲ ಇರೋ ಅಲ್ಪವಿರಾಮದ ಹಾಗೋ ಕಾಣಬಹುದು. ಸೈಟ್ ಕೆಟ್ಟಿದೆಯಾ, ಕಣ್ಣಿನದಾ ಅಂತ ತಿಳಿಯೋಕೆ ಸುಲಭ ಉಪಾಯ: ಗುಂಡಿಲ್ಲದ ರೈಫಲ್‌ನಿಂದ ಸೈಟ್ ಬಿಚ್ಚಿ, ಮೊಬೈಲ್ ಕ್ಯಾಮೆರಾದಲ್ಲಿ ಚುಕ್ಕಿಯ ಫೋಟೋ ತೆಗೀರಿ. ಫೋಟೋದಲ್ಲಿ ಗುಂಡಗಿದ್ದರೆ ಸೈಟ್ ಸರಿ ಇದೆ.

ಪ್ರಿಸಂ ಸೈಟ್‌ನಲ್ಲಿ ರೆಟಿಕಲ್ ಅನ್ನು ಗಾಜಿನ ಮೇಲೆ ಕೊರೆದಿರ್ತಾರೆ. ಐಪೀಸ್ ತಿರುಗಿಸಿ ನಮ್ಮ ಕಣ್ಣಿಗೆ ಹೊಂದಿಸಬಹುದು. ಬ್ಯಾಟರಿ ಸತ್ತರೂ ರೆಟಿಕಲ್ ಕಪ್ಪಗೆ ಉಳಿಯುತ್ತೆ. ತಲೆಕೆಳಗಾದ ಬಿಂಬವನ್ನು ಪ್ರಿಸಂ ನೆಟ್ಟಗೆ ಮಾಡೋದರಿಂದ ಉದ್ದ ಚಿಕ್ಕದು. ಪ್ರಸಿದ್ಧ ಉದಾಹರಣೆ ಟ್ರಿಜಿಕಾನ್ ಎಸಿಒಜಿ 4x32 ಮಾದರಿ, ಅಂದ್ರೆ 4 ಪಟ್ಟು ವರ್ಧನೆ, 32 ಮಿ.ಮೀ. ಮಸೂರ. ಅದರ ಕೆಲವು ಆವೃತ್ತಿಗಳಿಗೆ ಬ್ಯಾಟರಿಯೇ ಇಲ್ಲ. ಹಗಲು ಫೈಬರ್ ಆಪ್ಟಿಕ್ ಬೆಳಕು ಹೀರುತ್ತೆ, ರಾತ್ರಿ ಟ್ರಿಟಿಯಂ ಹೊಳೆಯುತ್ತೆ.

ಬೆಲೆ: ಕಣ್ಣನ್ನು ಗಾಜಿಗೆ ಬಹಳ ಹತ್ತಿರ ಇಡಬೇಕು. ಈ ಅಂತರಕ್ಕೆ ಐ ರಿಲೀಫ್ ಅಂತಾರೆ. ಎಸಿಒಜಿಯ ಆ ಮಾದರಿಯಲ್ಲಿ ಅದು 38 ಮಿ.ಮೀ. ಮಾತ್ರ. ಒದೆತ ಜಾಸ್ತಿ ಇರೋ ರೈಫಲ್‌ಗೆ ಇಷ್ಟು ಹತ್ತಿರ ಕಣ್ಣಿಟ್ಟರೆ ಹುಬ್ಬು ಒಡೆಯುತ್ತೆ.

5. ಟೆಲಿಸ್ಕೋಪಿಕ್ ಸ್ಕೋಪ್: ಎಕ್ಸ್ ಜಾಸ್ತಿ, ಷರತ್ತೂ ಜಾಸ್ತಿ

ಇದರಲ್ಲಿ ಮುಂದಿನ ಮಸೂರ ಗುರಿಯ ಬಿಂಬವನ್ನು ಕೊಳವೆಯ ಒಳಗೇ ಮೂಡಿಸುತ್ತೆ. ರೆಟಿಕಲ್ ಇರೋದು ಅದೇ ಸಮತಲದಲ್ಲಿ. ಎರಡನ್ನೂ ಐಪೀಸ್ ಒಟ್ಟಿಗೆ ತೋರಿಸುತ್ತೆ. 4ಎಕ್ಸ್ ಅಂದ್ರೆ 100 ಮೀಟರ್ ಗುರಿ 25 ಮೀಟರ್‌ನಲ್ಲಿ ಇದ್ದ ಹಾಗೆ ಕಾಣೋದು. ಕೊಳ್ಳೋ ಮುಂಚೆ ನಾಲ್ಕು ವಿಷಯ ನೋಡಬೇಕು.

ಎಕ್ಸಿಟ್ ಪ್ಯೂಪಿಲ್: ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿ. 3-9x40 ಸ್ಕೋಪ್‌ನಲ್ಲಿ 9ಎಕ್ಸ್‌ಗೆ ಇಟ್ಟರೆ 40 ಭಾಗಿಸು 9, ಸುಮಾರು 4.4 ಮಿ.ಮೀ. ಕಣ್ಣಿಗೆ ಬರೋ ಬೆಳಕಿನ ಕಂಬದ ಅಗಲ ಇದು. ಹಗಲಲ್ಲಿ ನಮ್ಮ ಪಾಪೆ 2-3 ಮಿ.ಮೀ. ಇರುತ್ತೆ, ಸಾಕು. ಕತ್ತಲಲ್ಲಿ ನಮ್ಮ ವಯಸ್ಸಿನವರ ಪಾಪೆ 7 ಮಿ.ಮೀ.ವರೆಗೆ ಹಿಗ್ಗುತ್ತೆ. ಆಗ 9ಎಕ್ಸ್‌ನಲ್ಲಿ ಚಿತ್ರ ಮಂಕಾಗುತ್ತೆ. ಕಂಬ ಕಿರಿದಾದಷ್ಟೂ ಕಣ್ಣನ್ನು ಸರಿಯಾದ ಜಾಗಕ್ಕೆ ತರೋಕೆ ಹೆಚ್ಚು ಹೊತ್ತು ಬೇಕು. ಗೇಮ್‌ನಲ್ಲಿ ಈ ಕಷ್ಟ ಇಲ್ಲವೇ ಇಲ್ಲ, ಬಟನ್ ಒತ್ತಿದರೆ ಆಯ್ತು.

ಕಾಣೋ ವಿಸ್ತಾರ: ವರ್ಧನೆ ಏರಿದಷ್ಟೂ ಅಕ್ಕಪಕ್ಕದ ಜಾಗ ಕಾಣಲ್ಲ. ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತೆ. ನಡುಕ ಮೊದಲೂ ಇತ್ತು, ಈಗ ಕಾಣುತ್ತಿದೆ ಅಷ್ಟೇ.

ಪ್ಯಾರಲ್ಯಾಕ್ಸ್: ಗುರಿಯ ಬಿಂಬ ಸರಿಯಾಗಿ ರೆಟಿಕಲ್ ಮೇಲೆ ಬೀಳೋದು ಒಂದು ದೂರಕ್ಕೆ ಮಾತ್ರ. ಬೇರೆ ದೂರದಲ್ಲಿ ಕಣ್ಣು ಸರಿದರೆ ರೆಟಿಕಲ್ ಗುರಿಯ ಮೇಲೆ ಓಡಾಡುತ್ತೆ. ಗರಿಷ್ಠ ತಪ್ಪಿನ ಅಂದಾಜು ಹೀಗೆ: ಮಸೂರದ ವ್ಯಾಸದ ಅರ್ಧವನ್ನು ಎರಡು ದೂರಗಳ ವ್ಯತ್ಯಾಸದಿಂದ ಗುಣಿಸಿ, ಸೆಟ್ ಮಾಡಿದ ದೂರದಿಂದ ಭಾಗಿಸಿ. 40 ಮಿ.ಮೀ. ಸ್ಕೋಪ್ ಅನ್ನು 100 ಮೀಟರ್‌ಗೆ ಸೆಟ್ ಮಾಡಿದ್ದಾರೆ, ನೀವು 10 ಮೀಟರ್‌ಗೆ ಹೊಡೀತೀರಿ ಅಂದ್ರೆ 20 ಗುಣಿಸು 90 ಭಾಗಿಸು 100, ಅಂದ್ರೆ 18 ಮಿ.ಮೀ.! ಹಾಗಾಗಿ ಏರ್‌ಗನ್‌ಗೆ ಹತ್ತಿರದ ದೂರಕ್ಕೂ ಹೊಂದಿಸಬಹುದಾದ ಸ್ಕೋಪೇ ಬೇಕು. ಸ್ಪ್ರಿಂಗ್ ಏರ್ ರೈಫಲ್‌ಗೆ ಇನ್ನೊಂದು ಷರತ್ತಿದೆ. ಪಿಸ್ಟನ್ ಮುಂದೆ ಹೋಗಿ ಬಡಿಯೋದರಿಂದ ರೈಫಲ್ ಮೊದಲು ಹಿಂದೆ, ಆಮೇಲೆ ಮುಂದೆ ಒದೆಯುತ್ತೆ. ಹಿಂದಿನ ಒದೆತಕ್ಕೆ ಮಾತ್ರ ತಯಾರಾದ ಸ್ಕೋಪ್ ಒಳಗೆ ಸಡಿಲ ಆಗಬಹುದು.

ರೆಟಿಕಲ್‌ನ ಜಾಗ: ಫಸ್ಟ್ ಫೋಕಲ್ ಪ್ಲೇನ್‌ನಲ್ಲಿದ್ದರೆ ಝೂಮ್ ಜೊತೆ ರೆಟಿಕಲ್ಲೂ ಹಿಗ್ಗಿ ಕುಗ್ಗುತ್ತೆ, ಗೆರೆಗಳ ಅಳತೆ ಎಲ್ಲ ಝೂಮ್‌ನಲ್ಲೂ ಸರಿ. ಸೆಕೆಂಡ್ ಫೋಕಲ್ ಪ್ಲೇನ್‌ನಲ್ಲಿದ್ದರೆ ರೆಟಿಕಲ್ ಒಂದೇ ಗಾತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತೆ, ಆದರೆ ಅಳತೆ ಸರಿಯಾಗೋದು ಒಂದೇ ಝೂಮ್‌ಗೆ, ಸಾಮಾನ್ಯವಾಗಿ ಅತಿ ಹೆಚ್ಚಿನದಕ್ಕೆ.

6. ಎರಡೂ ಬೇಕು ಅಂದ್ರೆ: 1-6ಎಕ್ಸ್, 1-8ಎಕ್ಸ್

ಇವಕ್ಕೆ ಎಲ್‌ಪಿವಿಒ ಅಂತಾರೆ, ಅಂದ್ರೆ ಲೋ ಪವರ್ ವೇರಿಯಬಲ್ ಆಪ್ಟಿಕ್. 1ಎಕ್ಸ್‌ನಲ್ಲಿ ರೆಡ್ ಡಾಟ್ ಹಾಗೆ, ತಿರುಗಿಸಿದರೆ ಸ್ಕೋಪ್ ಹಾಗೆ. ಅಮೆರಿಕದ ಸೇನೆ 2022ರಲ್ಲಿ ಹೊಸ ರೈಫಲ್‌ಗೆ ಆರಿಸಿದ ವೋರ್ಟೆಕ್ಸ್ ಕಂಪನಿಯ ಎಕ್ಸ್‌ಎಂ157 ಇದೇ ಜಾತಿಯದು. 1-8ಎಕ್ಸ್ ವರ್ಧನೆಯ ಜೊತೆ ಲೇಸರ್‌ನಿಂದ ದೂರ ಅಳೆಯೋ ಸಾಧನ ಮತ್ತು ಗುಂಡಿನ ಇಳಿತ ಲೆಕ್ಕ ಹಾಕೋ ಕಂಪ್ಯೂಟರ್ ಕೂಡ ಒಳಗೇ ಇದೆ. ಬೆಲೆ: ತೂಕ ಹೆಚ್ಚು, ದುಡ್ಡು ಹೆಚ್ಚು. 1ಎಕ್ಸ್‌ನಲ್ಲೂ ಕಣ್ಣನ್ನು ಸರಿಯಾದ ಜಾಗದಲ್ಲಿ ಇಡಲೇಬೇಕು, ಹಾಗಾಗಿ ರೆಡ್ ಡಾಟ್‌ನ ಸಲೀಸು ಪೂರ್ತಿ ಸಿಗಲ್ಲ.

ಕತ್ತಲೆಯ ಥರ್ಮಲ್ ಸೈಟ್‌ಗಳು ಬೇರೆಯೇ ಲೋಕ, ಅದಕ್ಕೆ ಇನ್ನೊಂದು ಲೇಖನ ಬೇಕು. ಇಸಿ, ಮೆಕ್ಯಾನಿಕಲ್ ಗೆಳೆಯರಿಗೆ ಇಷ್ಟು ಗೊತ್ತಿರಲಿ: ಬೆಂಗಳೂರಿನ ಟಾನ್‌ಬೋ ಇಮೇಜಿಂಗ್ ಕಂಪನಿ ಥರ್ಮಲ್ ಸೈಟ್ ತಯಾರಿಸುತ್ತೆ, ನಮ್ಮ ಬಿಇಎಲ್‌ನ ಮಚಲೀಪಟ್ಟಣಂ ಘಟಕ ರಾತ್ರಿ ನೋಡೋ ಸಾಧನಗಳನ್ನು ತಯಾರಿಸುತ್ತೆ.

ಹಾಗಾದ್ರೆ ಆರಿಸೋದು ಹೇಗೆ?

ಈ ಕ್ರಮದಲ್ಲಿ ಕೇಳ್ತಾ ಹೋಗಿ.

ಒಂದು, ನಿಯಮ ಏನು? ಸ್ಪರ್ಧೆ ಅಂದ್ರೆ ನಿಯಮಪುಸ್ತಕವೇ ಅರ್ಧ ಆಯ್ಕೆ ಮಾಡಿಬಿಡುತ್ತೆ. ಬಂದೂಕಿಗೆ ಲೈಸೆನ್ಸ್, ಹೊಡೆಯೋಕೆ ಅನುಮತಿ ಇರೋ ರೇಂಜ್, ಇದರಲ್ಲಿ ಚರ್ಚೆ ಇಲ್ಲ.

ಎರಡು, ಗುರಿಯ ಕೋನ ಎಷ್ಟು? ಗಾತ್ರ ಭಾಗಿಸು ದೂರ. 10 ಎಂಒಎ ಇದ್ದರೆ ವರ್ಧನೆ ಬೇಡ. 1-2 ಎಂಒಎಗೆ ಇಳಿದರೆ ವರ್ಧನೆ ಬೇಕೇ ಬೇಕು.

ಮೂರು, ಸಮಯ ಎಷ್ಟು? ಸೆಕೆಂಡಿನೊಳಗೆ ಆಗಬೇಕಾದರೆ ರೆಡ್ ಡಾಟ್ ಅಥವಾ ಹೋಲೋ. ನಿಧಾನಕ್ಕೆ ಮಲಗಿ ಹೊಡೆಯೋದಾದರೆ ಸ್ಕೋಪ್.

ನಾಲ್ಕು, ಕಣ್ಣು ಹೇಗಿದೆ? ಸಿಲಿಂಡರ್ ಪವರ್ ಇದ್ದರೆ ಕನ್ನಡಕ ಹಾಕೊಂಡೇ ಪರೀಕ್ಷಿಸಿ, ಆಗಲೂ ಚುಕ್ಕಿ ಒಡೆದರೆ ಪ್ರಿಸಂ ಅಥವಾ ಸ್ಕೋಪ್.

ಐದು, ಎಲ್ಲಿ ಬಳಸ್ತೀರಿ? ಮಡಿಕೇರಿಯ ಮಳೆಯಲ್ಲಾದರೆ ಒಳಗೆ ಒಣ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದೇ ಬೇಕು, ಇಲ್ಲದಿದ್ದರೆ ಒಳಗಿನ ಗಾಜು ಮಂಜು ಹಿಡಿಯುತ್ತೆ. ಬಿಸಿ-ಚಳಿ ವಿಪರೀತ ಇದ್ದರೆ ತಾಪಮಾನದ ಮಿತಿಯ ಸಾಲು ಓದಿ.

ಎಕ್ಸ್ ಎಷ್ಟು ಅನ್ನೋದನ್ನು ಕೊನೆಯಲ್ಲಿ ಕೇಳಿ. ಅಂಗಡಿಯವರು ಮೊದಲು ಹೇಳೋದು ಅದನ್ನೇ.

ನೀವೇ ಲೆಕ್ಕ ಹಾಕಿ

1. 3 ಎಂಒಎ ಚುಕ್ಕಿ 200 ಮೀಟರ್‌ನಲ್ಲಿ ಎಷ್ಟು ಜಾಗ ಮುಚ್ಚುತ್ತೆ?
2. 4-16x50 ಸ್ಕೋಪ್ ಇದೆ. ಸಂಜೆ ಹೊತ್ತು ನಿಮ್ಮ ಪಾಪೆ 6 ಮಿ.ಮೀ. ಇದ್ದರೆ, ಚಿತ್ರ ಮಂಕಾಗದೇ ಎಷ್ಟು ಎಕ್ಸ್‌ವರೆಗೆ ಹೋಗಬಹುದು?
3. 32 ಮಿ.ಮೀ. ಮಸೂರ, ಪ್ಯಾರಲ್ಯಾಕ್ಸ್ 100 ಮೀಟರ್‌ಗೆ ಸೆಟ್. 25 ಮೀಟರ್ ಗುರಿಗೆ ಗರಿಷ್ಠ ತಪ್ಪು ಎಷ್ಟು?

ಉತ್ತರ: ಒಂದನೆಯದು ಸುಮಾರು 17.5 ಸೆಂ.ಮೀ. ಎರಡನೆಯದು ಸುಮಾರು 8ಎಕ್ಸ್, 16ಎಕ್ಸ್ ದುಡ್ಡು ಕೊಟ್ಟಿದ್ದರೂ! ಮೂರನೆಯದು 12 ಮಿ.ಮೀ.

ಮೂರೂ ಸರಿ ಬಂದರೆ ಯಾವ ಸೈಟ್‌ನ ಸ್ಪೆಕ್ ಶೀಟ್ ಕೊಟ್ಟರೂ ನೀವು ಓದಬಲ್ಲಿರಿ. ಇನ್ನು ಬಿಜಿಎಂಐ ಆಡೋವಾಗ ಪಕ್ಕದವನು "8ಎಕ್ಸ್ ಕೊಡೋ ಮಗಾ" ಅಂದ್ರೆ, ಎಕ್ಸಿಟ್ ಪ್ಯೂಪಿಲ್ ಎಷ್ಟು ಅಂತ ಒಂದು ಸಲ ಕೇಳಿ ನೋಡಿ.